ಮಾರಿದರೆ ಶೋಕಿ, ಕೂರಿಸಿದರೆ ಗಳಿಕೆ

ನಮ್ಮೂರು ಹಂಗಳದ ಕಡೆ ಕೋಳಿ ಕೊಳ್ಳಲು ಬಂದವರು ಮೊದಲು ಕೈಗೆತ್ತಿ ತೂಕ ನೋಡುತ್ತಾರೆ. ಸಿಲ್ಕಿ ಕೋಳಿ ಅಲ್ಲೇ ನಪಾಸು. ಹಿಂಜಿದ ಹತ್ತಿಯಂಥ ಪುಕ್ಕದೊಳಗೆ ಹ್ಯಾಟೆಯ ಮೈ ಒಂದು ಕೆ.ಜಿ. ಆಸುಪಾಸು. ಮೊಟ್ಟೆ ಚಿಕ್ಕದು, ವರ್ಷಕ್ಕೆ ನೂರರ ಸುಮಾರು. ನಾನು ಒಂದು ಜೋಡಿಗೆ ಕೊಟ್ಟ ದುಡ್ಡಿಗೆ ನಾಲ್ಕು ನಾಟಿ ಹ್ಯಾಟೆ ಬರುತ್ತಿದ್ದವು.

ಸಿಲ್ಕಿ ಮರಿ ಮಾರಿ ಆ ದುಡ್ಡು ಎತ್ತುವುದು ಕಷ್ಟ. ಶೋಕಿಗೆ ಸಾಕುವವರು ಕೇಳುವುದು ಹ್ಯಾಟೆಯನ್ನು. ಹುಂಜವೋ ಹ್ಯಾಟೆಯೋ ಎಂದು ಖಾತ್ರಿಯಾಗಲು ನಾಲ್ಕೈದು ತಿಂಗಳು ಬೇಕು. ಅಲ್ಲಿಯ ತನಕ ಮೇವು, ಲಸಿಕೆ ನಮ್ಮದೇ. ಸುಮಾರು ಅರ್ಧ ಹುಂಜಗಳೇ ಆಗುತ್ತವೆ, ಅವು ಹೋಗುವುದು ಮಾಂಸದ ದರಕ್ಕೆ.

ಲಾಭ ಇರುವುದು ಸಿಲ್ಕಿ ಹ್ಯಾಟೆಯ ಕಾವಿನಲ್ಲಿ. ನಾಟಿ ಹ್ಯಾಟೆ ಹತ್ತು ಹದಿನೈದು ಮೊಟ್ಟೆ ಇಟ್ಟು, 21 ದಿನ ಕಾವು ಕೂತು, ಮರಿ ಬೆಳೆಸುತ್ತಾ ಎರಡು ಮೂರು ತಿಂಗಳು ಕಳೆಯುತ್ತದೆ. ಅಷ್ಟು ದಿನ ಮೊಟ್ಟೆಯಿಲ್ಲ. ಆ ಕೆಲಸವನ್ನು ಸಿಲ್ಕಿಗೆ ಒಪ್ಪಿಸಿ ನಾಟಿಗೆ ಕಾವು ಬಿಡಿಸಿದರೆ ಎರಡು ಮೂರು ವಾರದಲ್ಲಿ ಮತ್ತೆ ಮೊಟ್ಟೆಗೆ ಬರುತ್ತದೆ. ಸಿಲ್ಕಿಯ ಅಡಿಯಲ್ಲಿ ಏಳೆಂಟು ನಾಟಿ ಮೊಟ್ಟೆ ಹಿಡಿಸುತ್ತವೆ. ಇನ್‌ಕ್ಯುಬೇಟರ್‌ಗಾದರೆ ಹಗಲೂ ರಾತ್ರಿ ಕರೆಂಟು ಬೇಕು, ನಮ್ಮಲ್ಲಿ ಅದನ್ನು ನಂಬುವಂತಿಲ್ಲ. ನನ್ನ ಜೋಡಿಯ ದುಡ್ಡು ತೀರಿದ್ದು ಸಿಲ್ಕಿಯ ಕಾವಿನಲ್ಲಿ ಹುಟ್ಟಿ, ಹಬ್ಬದ ಹೊತ್ತಿಗೆ ಮಾರಿದ ನಾಟಿ ಕೋಳಿಗಳಿಂದ.

ಖರ್ಚನ್ನೂ ಬರೆದಿಡಬೇಕು. ಸಿಲ್ಕಿಯ ಪುಕ್ಕ ನೀರು ತಡೆಯುವುದಿಲ್ಲ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು, ಜಡಿಮಳೆ ಇಳಿದಾಗ ಒಣ ಗೂಡು ಬೇಕೇ ಬೇಕು. ಹಾರಲಾರದ ಕೋಳಿ, ಮುಂಗುಸಿಗೆ ಸುಲಭದ ತುತ್ತು, ಹಾಗಾಗಿ ಜಾಲರಿಯೂ ಬೇಕು. ಕಾವಿಗೆ ಕೂತದ್ದನ್ನು ದಿನಕ್ಕೊಮ್ಮೆ ಎಬ್ಬಿಸಿ ಮೇವು, ನೀರು ಕೊಡದಿದ್ದರೆ ಸೊರಗುತ್ತದೆ. ಮರಿಗಳಿಗೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ ಹಾಕಿಸಬೇಕು. ಒಮ್ಮೆ ತೆರೆದ ಲಸಿಕೆ ಬಾಟಲಿಯನ್ನು ಇಟ್ಟುಕೊಳ್ಳುವಂತಿಲ್ಲ, ಅದರಲ್ಲಿ ನೂರಾರು ಕೋಳಿಗಾಗುವಷ್ಟು ಇರುತ್ತದೆ. ಅಕ್ಕಪಕ್ಕದ ಮನೆಯವರು ಒಂದೇ ದಿನ ಹಾಕಿಸಿದರೆ ಖರ್ಚು ಹಂಚಿಹೋಗುತ್ತದೆ.

ಹಿತ್ತಲಲ್ಲಿ ಐದಾರು ನಾಟಿ ಹ್ಯಾಟೆ ಇದ್ದರೆ ಒಂದೆರಡು ಸಿಲ್ಕಿ ಹ್ಯಾಟೆ ತನ್ನಿ. ನಾಟಿಯೇ ಇಲ್ಲದ ಮನೆಯಲ್ಲಿ ಸಿಲ್ಕಿ ಬರೀ ಶೋಕಿ. ಶೋಕಿಗೆ ಸಾಕಿ, ತಪ್ಪಿಲ್ಲ. ಅದಕ್ಕಾಗಿ ಸಾಲ ಮಾತ್ರ ಮಾಡಬೇಡಿ.