ತಾಯಿಯ ಹಾಲು ಹೆಚ್ಚುವ ಬಗೆ

ಬಾಣಂತಿಗೆ ಹಾಲು ಸಾಲದೆಂಬ ಮಾತು ಹೆರಿಗೆಯಾದ ಎರಡನೆಯ ದಿನಕ್ಕೇ ಮನೆಯಲ್ಲಿ ಹುಟ್ಟಿಕೊಳ್ಳುವುದುಂಟು. ಮೊದಲು ಬರುವ ಹಳದಿ ಹಾಲು ಅಲ್ಪವೇ ಸರಿ. ಕೂಸಿನ ಪುಟ್ಟ ಜಠರಕ್ಕೆ ಅಷ್ಟೇ ಸಾಕು. ಇದನ್ನರಿಯದೆ ಡಬ್ಬಿ ಹಾಲು ತರುತ್ತಾರೆ. ಹಾಲು ನಿಜವಾಗಿ ಕುಂದತೊಡಗುವುದು ಅಂದಿನಿಂದ. ಕರೆಯದೆ ಬಿಟ್ಟ ಹಸು ಬತ್ತುವುದನ್ನು ನಮ್ಮ ರೈತಾಪಿ ಮನೆಗಳ ಮಕ್ಕಳೆಲ್ಲ ಬಲ್ಲರು.

ಕೂಸು ಚೀಪಿದೊಡನೆ ತಾಯಿಯ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ಉಂಟುಮಾಡುತ್ತದೆ. ಆಕ್ಸಿಟೋಸಿನ್ ಅದನ್ನು ಹೊರದೂಡುತ್ತದೆ. ಮೊದಲನೆಯದು ರಾತ್ರಿ ಅಧಿಕವಾದುದರಿಂದ ರಾತ್ರಿಯೂ ಹಾಲೂಡಬೇಕು. ಎರಡನೆಯದಕ್ಕೆ ನೋವು, ಚಿಂತೆಗಳು ಅಡ್ಡಿ. ‘ನಿನಗೆ ಹಾಲಿಲ್ಲ’ವೆಂಬ ಹಿರಿಯರ ಚುಚ್ಚುಮಾತೂ ಅಡ್ಡಿಯೇ. ದಿನಕ್ಕೆ 8ರಿಂದ 12 ಬಾರಿ ಊಡಿಸಬೇಕು. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗದ ಬಹುಪಾಲೂ ಕೂಸಿನ ಬಾಯೊಳಗಿರಬೇಕು.

ಮೆಂತ್ಯ, ಸಬ್ಬಸಿಗೆ, ಅಂಟಿನ ಉಂಡೆಗಳನ್ನು ಬಾಣಂತಿಗೆ ಅಕ್ಕರೆಯಿಂದ ಕೊಡಲಿ. ಆದರೆ ಅವು ಚೀಪುವಿಕೆಗೆ ಬದಲಾಗಲಾರವು. ಬಾಣಂತಿಗೆ ನೀರು ಕೊಡದ ರೂಢಿಯನ್ನಂತೂ ಬಿಡಲೇಬೇಕು.

ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಅಳು ಸಾಕ್ಷಿಯಲ್ಲ. ಐದನೆಯ ದಿನದಿಂದಾಚೆ ದಿನಕ್ಕೆ 6 ಬಾರಿಯಾದರೂ ಬಟ್ಟೆ ಒದ್ದೆಯಾಗುತ್ತಿದ್ದು, ತೂಕವೂ ಏರುತ್ತಿದ್ದರೆ ಅಂಜಬೇಕಿಲ್ಲ. ಏರದಿದ್ದಲ್ಲಿ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.