ದಡದಲ್ಲೇ ನಿಂತು ಪಾಚಿಯನ್ನು ಗುರುತಿಸಬಹುದೇ?

ಪ್ರಶ್ನೆ: ಸರೂರ್‌ನಗರ ಕೆರೆಯ ನೀರು ಹಸಿರಾಗಿ ಕಾಣುತ್ತದೆ. ಅದು ಪಾಚಿಯೋ ಅಲ್ಲವೋ ಎಂಬುದನ್ನು ನೀರು ಮುಟ್ಟದೆ, ದೂರದಿಂದಲೇ ಲೇಸರ್ ಬಿಟ್ಟು ಹೇಳಬಹುದಂತೆ. ನಿಜವೇ? ಹಗಲಲ್ಲೂ ಆಗುತ್ತದೆಯೇ?
– ಓದುಗರೊಬ್ಬರು, ದಿಲ್‌ಸುಖ್‌ನಗರ, ಹೈದರಾಬಾದ್

ಉತ್ತರ: ನಿಜ, ಹಗಲಲ್ಲೂ ಆಗುತ್ತದೆ. ಪಾಚಿಯ ಕ್ಲೋರೋಫಿಲ್ ತಾನು ಹೀರಿದ ಬೆಳಕಿನಲ್ಲಿ ಶೇ. 1–2ರಷ್ಟನ್ನು ಕಡುಗೆಂಪು ಬೆಳಕಾಗಿ ಹೊರಬಿಡುತ್ತದೆ. ಇದರ ತರಂಗಾಂತರ ಸುಮಾರು 685 ನ್ಯಾನೋಮೀಟರ್. ನೀವೇ ನೋಡಬಹುದು: ಪಾಲಕ್ ಎಲೆ ಜಜ್ಜಿ, ಒಲೆಯಿಂದ ದೂರವಿಟ್ಟು ಸರ್ಜಿಕಲ್ ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿ. ಕತ್ತಲೆ ಕೋಣೆಯಲ್ಲಿ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಗಾಜಿನ ಲೋಟದ ಪಕ್ಕದಿಂದ ಹಿಡಿಯಿರಿ. ಬೆಳಕು ತಾಗಿದಲ್ಲಿ ಹಸಿರು ದ್ರವ ರಕ್ತಗೆಂಪಾಗಿ ಹೊಳೆಯುತ್ತದೆ.

ಇಷ್ಟು ಮಂದ ಹೊಳಪು ಬಿಸಿಲಲ್ಲಿ ಕಾಣುವುದು ಹೇಗೆ? ಲೇಸರ್ ಮಿಡಿತ ಕೆಲವೇ ನ್ಯಾನೋಸೆಕೆಂಡಿನದು. 150 ಮೀಟರ್ ದೂರದ ನೀರಿಗೆ ಬೆಳಕು ಹೋಗಿ ಬರಲು ಒಂದು ಮೈಕ್ರೋಸೆಕೆಂಡ್ ಸಾಕು. ಕ್ಯಾಮೆರಾ ಸರಿಯಾಗಿ ಆ ಹೊತ್ತಿಗೆ, ಹತ್ತಾರು ನ್ಯಾನೋಸೆಕೆಂಡ್ ಮಾತ್ರ ಕಣ್ಣು ತೆರೆದು ಮುಚ್ಚುತ್ತದೆ. ಆ ಗಳಿಗೆಯಲ್ಲಿ ಒಳಗೆ ನುಗ್ಗುವ ಬಿಸಿಲು ಅತ್ಯಲ್ಪ. ಲೇಸರ್ ಇಲ್ಲದೆ ತೆಗೆದ ಚಿತ್ರವನ್ನು ಕಳೆದರೆ ಅದೂ ಹೋಗುತ್ತದೆ.

ಕಾಲದ ಈ ಲೆಕ್ಕ ಇನ್ನೊಂದು ಕೆಲಸಕ್ಕೂ ಬರುತ್ತದೆ. ಅನೇಕ ಖನಿಜಗಳೂ ಲೇಸರ್‌ಗೆ ಹೊಳೆಯುತ್ತವೆ, ಆದರೆ ಅವುಗಳ ಹೊಳಪು ಮೈಕ್ರೋಸೆಕೆಂಡ್, ಮಿಲಿಸೆಕೆಂಡ್‌ಗಳವರೆಗೆ ಉಳಿಯುತ್ತದೆ. ಜೈವಿಕ ವಸ್ತುವಿನದು 20 ನ್ಯಾನೋಸೆಕೆಂಡಿನೊಳಗೇ ಆರಿಹೋಗುತ್ತದೆ. ಹವಾಯಿ ವಿಶ್ವವಿದ್ಯಾಲಯದ ಅನುಪಮ್ ಮಿಶ್ರಾ ಅವರ ತಂಡ ಬಯೋಫೈಂಡರ್ ಎಂಬ ಉಪಕರಣ ಕಟ್ಟಿದ್ದು ಇದೇ ವ್ಯತ್ಯಾಸದ ಮೇಲೆ. 2022ರಲ್ಲಿ ಅವರು ಕೋಟ್ಯಂತರ ವರ್ಷ ಹಳೆಯ ಮೀನಿನ ಪಳೆಯುಳಿಕೆಯಲ್ಲೂ ಆ ಹೊಳಪನ್ನು ತೋರಿಸಿದರು. ಎಂದರೆ, ಹೊಳೆದದ್ದೆಲ್ಲ ಈಗ ಬದುಕಿದೆ ಎಂದಲ್ಲ. ಒಮ್ಮೆ ಬದುಕಿದ್ದರ ಶೇಷವೂ ಹೊಳೆಯುತ್ತದೆ.

ಪಾಚಿ ಎಷ್ಟಿದೆ ಎಂದು ಅಳೆಯುವ ಉಪಾಯವಂತೂ ನನಗೆ ಬಹಳ ಪ್ರಿಯ. 532 ನ್ಯಾನೋಮೀಟರಿನ ಹಸಿರು ಲೇಸರ್ ಬಿಟ್ಟರೆ, ನೀರಿನ ಅಣುಗಳು ತಮ್ಮ ಪಾಲಿಗೆ 650ರ ಆಸುಪಾಸಿನ ಕೆಂಪನ್ನು ಹಿಂದಿರುಗಿಸುತ್ತವೆ. ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ಸಿ.ವಿ. ರಾಮನ್ 1928ರ ಫೆಬ್ರುವರಿ 28ರಂದು ಕಲ್ಕತ್ತದಲ್ಲಿ ಕಂಡ ಪರಿಣಾಮವೇ ಇದು. ಪಾಚಿಯ ಕೆಂಪನ್ನು ನೀರಿನ ಕೆಂಪಿನಿಂದ ಭಾಗಿಸಿದರೆ, ಲೇಸರ್ ಸ್ವಲ್ಪ ಮಂಕಾದರೂ ನೀರು ಸ್ವಲ್ಪ ಕದಡಿದರೂ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ನಾಸಾದ ವಿಮಾನಗಳು 1980ರ ದಶಕದಲ್ಲೇ ಸಮುದ್ರದ ಮೇಲೆ ಹೀಗೆ ಅಳೆದಿದ್ದವು. ನಿಮ್ಮೂರಿನ ಪ್ರಗತಿನಗರದಲ್ಲಿರುವ ಇನ್ಕಾಯಿಸ್ ಸಂಸ್ಥೆ ಕೂಡ ಕಡಲಿನ ಕ್ಲೋರೋಫಿಲ್ ನೋಡಿಯೇ ಮೀನುಗಾರರಿಗೆ ಮೀನು ಸಿಗುವ ಜಾಗ ತಿಳಿಸುತ್ತದೆ. ಅದು ಬಳಸುವುದು ಲೇಸರನ್ನಲ್ಲ, ಉಪಗ್ರಹಕ್ಕೆ ತಲುಪುವ ಬಿಸಿಲಿನ ಪ್ರತಿಫಲನವನ್ನು.

ಊರೊಳಗಿನ ಕೆರೆ ಮಾತ್ರ ಸಮುದ್ರಕ್ಕಿಂತ ಕಷ್ಟ. ನೀಲಿ-ಹಸಿರು ಪಾಚಿಯ ಫೈಕೋಸಯನಿನ್ ವರ್ಣಕವೂ 650–660ರಲ್ಲೇ ಹೊಳೆದು ನೀರಿನ ಗುರುತಿನ ಮೇಲೆ ಬೀಳುತ್ತದೆ; ಆಗ ಲೇಸರ್ ಬಣ್ಣವನ್ನೇ ಬದಲಿಸಬೇಕು. ಚರಂಡಿ ನೀರು, ಸೋಪಿನ ಪುಡಿಯ ಬಿಳುಪುಕಾರಕಗಳು ನೇರಳಾತೀತ ಲೇಸರ್‌ಗೆ ನೀಲಿಯಾಗಿ ಹೊಳೆಯುತ್ತವೆ. ಕೊಳಚೆ ಎಲ್ಲಿ ಸೇರುತ್ತಿದೆ ಎಂದು ಪತ್ತೆಹಚ್ಚಲು ಅದೇ ಸುಳಿವಾಗಬಲ್ಲದು. ಆದರೆ ಕದಡಿದ ನೀರಿನಲ್ಲಿ ಬೆಳಕು ಆಳಕ್ಕಿಳಿಯದು, ಮೇಲ್ಪದರದ ಸುದ್ದಿಯಷ್ಟೇ ಸಿಗುತ್ತದೆ. ಯಾವ ಜಾತಿಯ ಪಾಚಿ, ಅದರಲ್ಲಿ ವಿಷವಿದೆಯೇ ಎಂದು ತಿಳಿಯಲು ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಒಯ್ಯಲೇಬೇಕು.