ಒಂದು ಡಿಸ್ಕ್ ಹೋದರೂ ಲೆಕ್ಕ ಉಳಿಯಲು

ಕೆದಂಬಾಡಿಯಲ್ಲಿ ನನ್ನ ಮಾಮುವಿಗೆ ಅಡಿಕೆ ಅಂಗಡಿ ಇದೆ. ಚಾಲಿಗೆ ಒಂದು ದರ, ಪಟೋರಕ್ಕೆ ಒಂದು, ಕೋಕಕ್ಕೆ ಇನ್ನೊಂದು. ಕೆಲವು ಕೃಷಿಕರು ಅಡಿಕೆ ಕೊಟ್ಟು ಹಣವನ್ನು ಅಂಗಡಿಯಲ್ಲೇ ಬಿಟ್ಟು, ಬೇಕಾದಾಗ ತೆಗೆದುಕೊಳ್ಳುತ್ತಾರೆ. ಕಳೆದ ಮೇಯಲ್ಲಿ ಸಿಡಿಲು ಬಡಿದ ಮರುದಿನ ಅಂಗಡಿಯ ಕಂಪ್ಯೂಟರ್ ಏಳಲಿಲ್ಲ. ಹಾರ್ಡ್ ಡಿಸ್ಕ್ ಸುಟ್ಟಿತ್ತು, ಮೂರು ತಿಂಗಳ ಲೆಕ್ಕ ಅದರೊಳಗೆ. ತೂಕದ ಚೀಟಿಗಳನ್ನು ಹರಡಿಕೊಂಡು ಇಬ್ಬರೂ ಎಷ್ಟೋ ರಾತ್ರಿ ಕುಳಿತು ಬರೆದೆವು. ಒಬ್ಬ ಅಜ್ಜ ಹೇಳಿದ ಬಾಕಿಗೆ ಮಾತ್ರ ಚೀಟಿ ಸಿಗಲಿಲ್ಲ. ಮಾಮು ಅವರ ಮಾತು ನಂಬಿ ಕೊಟ್ಟರು.

ನಾನು ರೇಡ್ ಕಲಿತದ್ದು ಆ ಮೇಲೆ. ನಾನು ಕಾಮರ್ಸ್‌ನವನು, ತಪ್ಪಿದ್ದರೆ ಸಯನ್ಸ್ ಗೆಳೆಯರು ತಿದ್ದಿ.

ಹಲವು ಸಾಧಾರಣ ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವುದು ರೇಡ್. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಇದರ ಬಗ್ಗೆ ಪ್ರಬಂಧ ಬರೆದರು. ರೇಡ್ 0 ಡೇಟಾವನ್ನು ಹಂಚಿ ಬರೆಯುತ್ತದೆ. ವೇಗ ಹೆಚ್ಚು, ಆದರೆ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ರೇಡ್ 1 ಕಾರ್ಬನ್ ಕಾಪಿಯ ಹಾಗೆ, ಎರಡರಲ್ಲೂ ಅದೇ ಬರಹ. 1 ಟಿಬಿಯ ಎರಡು ಡಿಸ್ಕ್ ಹಾಕಿದರೂ ಸಿಗುವುದು 1 ಟಿಬಿ ಜಾಗ. ರೇಡ್ 5ಕ್ಕೆ ಕನಿಷ್ಠ ಮೂರು ಬೇಕು. ಮೊತ್ತ 100, ಒಂದು ಬಾಬ್ತು 40 ಎಂದು ಗೊತ್ತಿದ್ದರೆ ಅಳಿಸಿಹೋದ ಬಾಬ್ತು 60 ಎಂದು ನಾವು ಕಂಡುಹಿಡಿಯುತ್ತೇವಲ್ಲ, ಅದೇ ಉಪಾಯ. ಅಂಥ 'ಮೊತ್ತ'ಕ್ಕೆ ಪ್ಯಾರಿಟಿ ಎನ್ನುತ್ತಾರೆ.

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಎರಡು ಹೊಸ ಡಿಸ್ಕ್ ಜೋಡಿಸಿ ರೇಡ್ 1 ಮಾಡಿದೆ. (ಕಮಾಂಡ್‌ಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಇಲ್ಲಿರುವುದು ಉಚ್ಚಾರ.) ಮೊದಲು 'ಎಲ್‌ಎಸ್‌ಬಿಎಲ್‌ಕೆ' ಎಂದು ಹೊಡೆದು ಡಿಸ್ಕ್‌ಗಳ ಹೆಸರು ನೋಡಬೇಕು. ಇಲ್ಲಿ ಅವಸರ ಬೇಡ. ಒಂದಕ್ಷರ ತಪ್ಪಿದರೆ ಬೇರೆ ಡಿಸ್ಕಿನ ಡೇಟಾ ಹೋದಂತೆಯೇ. ನಾನು ಗಾತ್ರ ನೋಡಿ, ಕಾಗದದಲ್ಲಿ ಬರೆದು, ಮತ್ತೆ ನೋಡಿದೆ. ಆಮೇಲೆ:

ಸುಡೊ ಎಂಡಿಎಡಿಎಂ --ಕ್ರಿಯೇಟ್ /ಡೆವ್/ಎಂಡಿ0 --ಲೆವೆಲ್=1 --ರೇಡ್-ಡಿವೈಸಸ್=2 /ಡೆವ್/ಎಸ್‌ಡಿಬಿ /ಡೆವ್/ಎಸ್‌ಡಿಸಿ

ಇದರಿಂದ ಎಂಡಿ0 ಎಂಬ ಹೊಸ ಡಿಸ್ಕ್ ಹುಟ್ಟುತ್ತದೆ. ಅದನ್ನು ಫಾರ್ಮ್ಯಾಟ್ ಮಾಡಿ, ಮೌಂಟ್ ಮಾಡಿ, ಸಂರಚನೆಯನ್ನು ಎಂಡಿಎಡಿಎಂನ ಕಾನ್ಫ್ ಫೈಲಿಗೆ ಸೇರಿಸಬೇಕು. '/ಪ್ರಾಕ್/ಎಂಡಿಸ್ಟಾಟ್' ತೆರೆದು ನೋಡಿದರೆ [ಯುಯು] ಎಂದಿರುತ್ತದೆ, ಅಂದರೆ ಎರಡೂ ಜೀವಂತ.

ಪರೀಕ್ಷೆ ಮಾಡದೆ ನಂಬಿಕೆ ಬರಲಿಲ್ಲ. '--ಫೇಲ್' ಆದೇಶ ಕೊಟ್ಟು ಒಂದು ಡಿಸ್ಕನ್ನು ಸತ್ತಿತೆಂದು ಗುರುತಿಸಿದೆ. [ಯು_] ಬಂತು, ಫೈಲ್‌ಗಳು ಮಾತ್ರ ತೆರೆಯುತ್ತಲೇ ಇದ್ದವು. '--ರಿಮೂವ್' ಮಾಡಿ '--ಆಡ್' ಮಾಡಿದಾಗ ನಕಲು ಮತ್ತೆ ತುಂಬತೊಡಗಿತು. ಮಾಮು ಚಹಾ ತರಿಸಿದರು.

ಮರುವಾರ ನಾನೇ ಹೆಸರು ನೋಡದೆ ಒಂದು ಲೆಕ್ಕದ ಫೋಲ್ಡರ್ ಅಳಿಸಿದೆ. ರೇಡ್ ನಿಯತ್ತಿನಿಂದ ಎರಡೂ ಡಿಸ್ಕಿನಲ್ಲಿ ಅಳಿಸಿತು! ನನ್ನ ಪುಣ್ಯ, ಹಿಂದಿನ ದಿನದ ಕಾಪಿ ಪೆನ್ ಡ್ರೈವಿನಲ್ಲಿತ್ತು. ರೇಡ್ ಡಿಸ್ಕಿನ ಸಾವಿಗೆ ಮದ್ದು, ನಮ್ಮ ಕೈತಪ್ಪಿಗೆ ಅಲ್ಲ. ಸಿಡಿಲಿಗೂ ಅಲ್ಲ, ಒಂದೇ ಪೆಟ್ಟಿಗೆಯೊಳಗಿನ ಎರಡು ಡಿಸ್ಕ್ ಒಟ್ಟಿಗೇ ಸುಡಬಹುದು. ಈಗ ಪ್ರತಿ ರಾತ್ರಿ ಕಾಪಿ ಮಾಡಿದ ಪೆನ್ ಡ್ರೈವ್ ಅಂಗಡಿಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದು ನಾನಿಯ ಕಪಾಟು ಸೇರುತ್ತದೆ.